ಸಿಕ್ಕಿದ್ದನ್ನು ಮೊದಲು ನೋಡಬೇಕಾದವರು ಹೊಲದ ಯಜಮಾನರು

ಇಂಗ್ಲೆಂಡಿನಲ್ಲಿ ಗೋಧಿಯ ಕೊಯ್ಲು ಮುಗಿದು ಹೊಲಗಳಲ್ಲಿ ಬರೀ ಕೂಳೆ ಉಳಿಯುವ ಆಗಸ್ಟ್ ತಿಂಗಳ ಕೊನೆಯ ಹೊತ್ತಿಗೆ, ಮೆಟಲ್ ಡಿಟೆಕ್ಟರ್ ಹಿಡಿದು ಹಳೆಯ ನಾಣ್ಯ, ಗುಂಡಿ, ಬಕಲ್‌ಗಳನ್ನು ಹುಡುಕುವ ಹವ್ಯಾಸಿಗಳ ಹಂಗಾಮು ಶುರುವಾಗುತ್ತದೆ. ಇಲ್ಲಿ ನೆಲೆಸಿರುವ ನಮ್ಮ ಕನ್ನಡಿಗರಲ್ಲೂ ಕೆಲವರು ಈಚೆಗೆ ಈ ಯಂತ್ರವನ್ನು ಕೊಂಡಿದ್ದಾರೆ. ಅವರು ನನ್ನನ್ನು ಮೊದಲು ಕೇಳುವುದು ಯಾವ ಮಾಡೆಲ್ ಒಳ್ಳೆಯದು ಎಂದು, ಆಮೇಲೆ ಕೇಳುವುದು ಸಿಕ್ಕಿದ್ದನ್ನು ಇಟ್ಟುಕೊಳ್ಳಬಹುದೇ ಎಂದು. ಹೊಲ ಯಾರದು ಎಂಬ ಪ್ರಶ್ನೆ ತಡವಾಗಿ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ನನ್ನ ಅಭಿಪ್ರಾಯದಲ್ಲಿ ಈ ಹವ್ಯಾಸದ ನೀತಿ ನಿಯಮಗಳೆಲ್ಲ ಹುಟ್ಟುವುದು ಆ ಪ್ರಶ್ನೆಯಿಂದಲೇ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1992ರಲ್ಲಿ ಸರ್ರೆಯ ಫಾರ್ನಮ್ ಪಾರ್ಕ್ ಎಂಬ ಸಾರ್ವಜನಿಕ ಉದ್ಯಾನದಲ್ಲಿ ಹವ್ಯಾಸಿಯೊಬ್ಬರು ಸುಮಾರು ಒಂಬತ್ತು ಅಂಗುಲ ಅಗೆದು ಮಧ್ಯಯುಗದ ಚಿನ್ನದ ಬ್ರೋಚ್ ಒಂದನ್ನು ತೆಗೆದರು. ಅದು ಆಗಿನ ಕಾನೂನಿನ ನಿಧಿಯ ವ್ಯಾಖ್ಯೆಗೆ ಬರುವುದಿಲ್ಲ ಎಂದು ವಿಚಾರಣೆಯಲ್ಲಿ ತೀರ್ಮಾನವಾಗಿ ವಸ್ತು ಅವರ ಕೈಗೇ ಮರಳಿತು. ಉದ್ಯಾನದ ಒಡೆತನ ಹೊಂದಿದ್ದ ವೇವರ್ಲಿ ಕೌನ್ಸಿಲ್ ದಾವೆ ಹೂಡಿತು. ನೆಲದೊಳಗೆ ಹುದುಗಿರುವ ವಸ್ತುವಿನ ಮೇಲೆ ಹುಡುಕಿದವನಿಗಿಂತ ನೆಲದ ಒಡೆಯನಿಗೇ ಹೆಚ್ಚಿನ ಹಕ್ಕಿದೆ ಎಂದು ಮೇಲ್ಮನವಿ ನ್ಯಾಯಾಲಯ 1995ರಲ್ಲಿ ತೀರ್ಪಿತ್ತಿತು. ಮರುವರ್ಷ ಬಂದ ಟ್ರೆಷರ್ ಆಕ್ಟ್ ಪ್ರಕಾರ, ಸ್ಥೂಲವಾಗಿ ಹೇಳುವುದಾದರೆ, 300 ವರ್ಷಕ್ಕಿಂತ ಹಳೆಯದಾಗಿದ್ದು ಶೇಕಡಾ 10ರಷ್ಟಾದರೂ ಚಿನ್ನ ಅಥವಾ ಬೆಳ್ಳಿ ಇರುವ ವಸ್ತುಗಳನ್ನು, ಹಾಗೆಯೇ ಒಟ್ಟಿಗೆ ಸಿಕ್ಕ ನಾಣ್ಯಗಳ ರಾಶಿಯನ್ನು, 14 ದಿನಗಳೊಳಗೆ ಕೊರೋನರ್ ಎಂಬ ವಿಚಾರಣಾಧಿಕಾರಿಗೆ ತಿಳಿಸಬೇಕು. ಈ ವ್ಯಾಖ್ಯೆಯ ಹೊರಗೆ ಉಳಿಯುವ ತಾಮ್ರದ ಬಿಡಿ ನಾಣ್ಯ, ಸೀಸದ ತೂಕದ ಬಟ್ಟು, ಕಂಚಿನ ಬಕಲ್ ಇವೆಲ್ಲ ಹೊಲದ ಯಜಮಾನರವು. ನಾವು ಮನೆಗೆ ತರುವುದೆಲ್ಲ ಅವರು ಕೊಟ್ಟದ್ದು.

ಅನುಮತಿ ಕೇಳುವುದಕ್ಕೂ ಒಂದು ರೀತಿಯಿದೆ. ಅನೇಕ ಕಡೆ ಉಳುವವರೇ ಬೇರೆ, ಒಡೆಯರೇ ಬೇರೆ. ಗೇಣಿದಾರ ರೈತ ತಲೆಯಾಡಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ, ಇಬ್ಬರ ಒಪ್ಪಿಗೆಯೂ ಬೇಕು. ಸಂರಕ್ಷಿತ ಸ್ಮಾರಕದ ಜಾಗವಾದರೆ ಇಬ್ಬರೂ ಒಪ್ಪಿದರೂ ಸಾಲದು, 1979ರ ಕಾಯ್ದೆಯಡಿ ಪರವಾನಗಿಯಿಲ್ಲದೆ ಅಲ್ಲಿ ಡಿಟೆಕ್ಟರ್ ಬಳಸುವುದೇ ಅಪರಾಧ. ಕೊಯ್ಲಿನ ಯಂತ್ರ ಹೊಲದಲ್ಲಿ ಓಡುತ್ತಿರುವಾಗ, ಕುರಿಗಳು ಮರಿ ಹಾಕುವ ವಸಂತದ ವಾರಗಳಲ್ಲಿ, ರೈತನ ಮನೆಯ ಬಾಗಿಲು ತಟ್ಟುವವರಿಗೆ ಬೇಡ ಎಂಬ ಉತ್ತರ ಸಿಕ್ಕರೆ ಅದು ನ್ಯಾಯವೇ. ನಮ್ಮ ಹಳ್ಳಿಗಳಲ್ಲಿ ಕಣದ ಕೆಲಸ ನಡೆಯುವಾಗ ಪಟ್ಟಣದಿಂದ ಬಂದವನೊಬ್ಬ ಹೊಲ ಅಗೆಯಲೇ ಎಂದು ಕೇಳಿದ್ದರೆ ಎಂಥ ಉತ್ತರ ಸಿಗುತ್ತಿತ್ತೋ ಊಹಿಸಿಕೊಳ್ಳಿ.

ಗುಂಡಿ ತೋಡುವ ವಿಧಾನವನ್ನು ರೈತರು ಎಷ್ಟು ಗಮನಿಸುತ್ತಾರೆ ಎಂಬುದು ಹೊಸಬರಿಗೆ ಗೊತ್ತಿರುವುದಿಲ್ಲ. ಹುಲ್ಲುಗಾವಲಿನಲ್ಲಿ ಮೂರು ಬದಿ ಕತ್ತರಿಸಿ, ನಾಲ್ಕನೆಯ ಬದಿಯನ್ನು ಬೇರಿನೊಂದಿಗೆ ಹಾಗೆಯೇ ಬಿಟ್ಟು, ಹುಲ್ಲಿನ ಹೆಂಟೆಯನ್ನು ಪುಸ್ತಕದ ರಟ್ಟಿನಂತೆ ಹಿಂದಕ್ಕೆ ಮಡಚಬೇಕು. ಅಡಿಯ ಮಣ್ಣನ್ನು ಪಕ್ಕದಲ್ಲಿ ಹಾಸಿದ ತುಂಡು ಶೀಟಿನ ಮೇಲೆ ಹಾಕಿ, ಕೆಲಸ ಮುಗಿದ ಮೇಲೆ ಒಂದು ಹಿಡಿಯೂ ಹೊರಗುಳಿಯದಂತೆ ತುಂಬಿ, ಹೆಂಟೆ ಮುಚ್ಚಿ ಕಾಲಿನಿಂದ ಒತ್ತಬೇಕು. ಸಡಿಲ ಬಿಟ್ಟ ಗುಂಡಿಯಲ್ಲಿ ದನದ ಕಾಲು ಸಿಕ್ಕಿ ಉಳುಕಬಹುದು. ಯಂತ್ರ ಸದ್ದು ಮಾಡಿ ಮೇಲೆ ಬರುವುದರಲ್ಲಿ ಹೆಚ್ಚಿನವು ಚೂಪಾದ ಅಲ್ಯೂಮಿನಿಯಂ ಡಬ್ಬಿಯ ಚೂರು, ತಂತಿ, ಸೀಸ. ಇವನ್ನು ಬೇಲಿಯ ಬುಡಕ್ಕೆ ಎಸೆದು ಬರುವವರಿದ್ದಾರೆ. ಆ ಚೂರು ಹುಲ್ಲಿನೊಂದಿಗೆ ಹಸುವಿನ ಹೊಟ್ಟೆ ಸೇರಿದರೆ ಆಗುವ ಅನಾಹುತ ರೈತನಿಗೆ ಗೊತ್ತು. ಕಸವನ್ನು ಚೀಲದಲ್ಲಿ ಹೊತ್ತು ತಂದು, ಹೊರಡುವ ಮುನ್ನ ಅವರಿಗೆ ತೋರಿಸಿ ಹೋಗುವ ಹವ್ಯಾಸಿಗೆ ಮುಂದಿನ ವರ್ಷವೂ ಗೇಟು ತೆರೆದಿರುತ್ತದೆ.

ಒಪ್ಪಂದವನ್ನು ಬರವಣಿಗೆಯಲ್ಲಿ ಮಾಡಿಕೊಳ್ಳಿ ಎಂದು ಎಲ್ಲ ಕೈಪಿಡಿಗಳೂ ಹೇಳುತ್ತವೆ. ನಿಧಿಯನ್ನು ಮ್ಯೂಸಿಯಂ ಪಡೆದುಕೊಂಡಾಗ ಬರುವ ಪರಿಹಾರವನ್ನು ಅರ್ಧರ್ಧ ಹಂಚಿಕೊಳ್ಳುವುದು ಇಲ್ಲಿನ ರೂಢಿ. 2009ರಲ್ಲಿ ಸ್ಟ್ಯಾಫರ್ಡ್‌ಶೈರ್‌ನಲ್ಲಿ ಸಿಕ್ಕ ಆಂಗ್ಲೋ-ಸ್ಯಾಕ್ಸನ್ ಚಿನ್ನದ ರಾಶಿಗೆ ನಿಗದಿಯಾದ 32.85 ಲಕ್ಷ ಪೌಂಡ್ ಹಾಗೆಯೇ ಹಂಚಿಕೆಯಾಯಿತು. ಆದರೆ ಕೆಲವು ಒಪ್ಪಂದಗಳಲ್ಲಿ ಬರುವ ಒಂದು ವಾಕ್ಯಕ್ಕೆ ನನ್ನ ವಿರೋಧವಿದೆ: ಇಂತಿಷ್ಟು ಬೆಲೆಗಿಂತ ಕಡಿಮೆಯ ವಸ್ತುಗಳು ಹುಡುಕಿದವನಿಗೇ ಸೇರತಕ್ಕದ್ದು ಎಂಬ ವಾಕ್ಯ. ಬೆಲೆ ಕಟ್ಟುವವರು ಯಾರು? ಹೊಲದಲ್ಲಿ ಒಬ್ಬಂಟಿಯಾಗಿ ನಿಂತು, ಕೆಸರು ಒರೆಸಿ, ಇದು ಅಗ್ಗದ್ದು ಎಂದು ತೀರ್ಮಾನಿಸುವವನು ಲಾಭ ಪಡೆಯುವವನೇ ಆಗಿರುತ್ತಾನೆ. ರೈತನಿಗೆ ಆ ವಸ್ತುವಿನ ಮುಖವೂ ಕಾಣುವುದಿಲ್ಲ. ಅದರ ಬದಲು, ಅಂಗಿಯ ಗುಂಡಿ ಮತ್ತು ಮುರಿದ ಚಮಚ ಸಮೇತ ಆ ದಿನ ಸಿಕ್ಕಿದ್ದೆಲ್ಲವನ್ನೂ ಅದೇ ದಿನ ಯಜಮಾನರ ಮುಂದಿಡತಕ್ಕದ್ದು ಎಂದು ಬರೆಯಿರಿ. ಹೆಚ್ಚಿನವರು ಒಂದೆರಡನ್ನು ಕುತೂಹಲದಿಂದ ತಿರುಗಿಸಿ ನೋಡಿ ನೀವೇ ಇಟ್ಟುಕೊಳ್ಳಿ ಎನ್ನುತ್ತಾರೆ. ತಮ್ಮ ಅಜ್ಜನ ಕಾಲದ ಕುದುರೆ ಸಾಮಾನಿನ ಹಿತ್ತಾಳೆ ಬಿಲ್ಲೆ ಕಂಡರೆ ಕೆಲವರು ಅದನ್ನು ತಾವೇ ಇಟ್ಟುಕೊಳ್ಳುತ್ತಾರೆ. ಎರಡೂ ಅವರ ಇಷ್ಟ.

ಯಜಮಾನರಿಗೆ ತಿಳಿಸದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಹೆರೆಫರ್ಡ್‌ಶೈರ್‌ನ ಪ್ರಕರಣ ಸಾಕು. 2015ರಲ್ಲಿ ಲೆಮ್‌ಸ್ಟರ್ ಪಟ್ಟಣದ ಹತ್ತಿರದ ಹೊಲವೊಂದರಲ್ಲಿ ಸೌತ್ ವೇಲ್ಸ್‌ನ ಇಬ್ಬರು ಹವ್ಯಾಸಿಗಳಿಗೆ ವೈಕಿಂಗ್ ಕಾಲದ ನಿಕ್ಷೇಪ ಸಿಕ್ಕಿತು. ಅದರಲ್ಲಿ ಚಿನ್ನದ ಉಂಗುರ, ತೋಳಬಂದಿ, ಚಿನ್ನದ ಪಟ್ಟಿಗಳಲ್ಲಿ ಕೂರಿಸಿದ ಸ್ಫಟಿಕದ ಗುಂಡು, ಬೆಳ್ಳಿಯ ಗಟ್ಟಿ ಮತ್ತು ಸುಮಾರು 300 ಎಂದು ಅಂದಾಜಿಸಲಾದ ನಾಣ್ಯಗಳಿದ್ದವು. ಅವರು ಯಜಮಾನರಿಗೂ ಹೇಳಲಿಲ್ಲ, ಕೊರೋನರ್‌ಗೂ ಹೇಳಲಿಲ್ಲ, ನಾಣ್ಯಗಳನ್ನು ಮಾರತೊಡಗಿದರು. ಅಳಿಸಿಹಾಕಿದ್ದ ಫೋಟೋಗಳನ್ನು ಪೊಲೀಸರು ಫೋನಿನಿಂದ ಮತ್ತೆ ಹೊರತೆಗೆದಾಗ, ಹೊಲದಲ್ಲಿ ಆ ರಾಶಿ ಹೇಗಿತ್ತು ಎಂಬುದು ಬಯಲಾಯಿತು. 2019ರಲ್ಲಿ ಇಬ್ಬರಿಗೂ ದೀರ್ಘ ಜೈಲುಶಿಕ್ಷೆಯಾಯಿತು, ಮೇಲ್ಮನವಿಯಲ್ಲಿ ಅದು ಕಡಿಮೆಯಾಯಿತು. ವಿಚಾರಣೆಯ ವೇಳೆಗೆ ಕೈಗೆ ಸಿಕ್ಕಿದ್ದು 31 ನಾಣ್ಯ ಮಾತ್ರ. ಅವುಗಳಲ್ಲಿ ವೆಸೆಕ್ಸ್‌ನ ಆಲ್‌ಫ್ರೆಡ್ ಮತ್ತು ಮರ್ಸಿಯಾದ ಎರಡನೆಯ ಕೋಲ್‌ವುಲ್ಫ್ ಎಂಬ ಇಬ್ಬರು ರಾಜರ ಮೈತ್ರಿಯನ್ನು ಸೂಚಿಸುವ ಅಪರೂಪದ ನಾಣ್ಯಗಳಿವೆ. ಇನ್ನೂ ಸಿಗದಿರುವ ನಾಣ್ಯಗಳು ಏನನ್ನು ಹೇಳುತ್ತಿದ್ದವೋ ಯಾರಿಗೂ ತಿಳಿಯದು. ಗೌರವದಿಂದ ಬರಬಹುದಾಗಿದ್ದ ಅರ್ಧ ಪಾಲನ್ನು ಬಿಟ್ಟು ಜೈಲನ್ನು ಆರಿಸಿಕೊಂಡ ಆ ಲೆಕ್ಕಾಚಾರ ನನಗೆ ಇಂದಿಗೂ ಅರ್ಥವಾಗಿಲ್ಲ.

ಇದಕ್ಕೆ ತದ್ವಿರುದ್ಧವಾದದ್ದು ಸಫೋಕ್‌ನ ಹಾಕ್ಸ್‌ನ್ ಹಳ್ಳಿಯ ಕಥೆ. 1992ರ ನವೆಂಬರ್‌ನಲ್ಲಿ ಅಲ್ಲಿನ ರೈತರು ಕಳೆದುಕೊಂಡಿದ್ದ ಸುತ್ತಿಗೆಯನ್ನು ಹುಡುಕಿಕೊಡಲು ಅವರ ಗೆಳೆಯ ಎರಿಕ್ ಲಾಸ್ ಡಿಟೆಕ್ಟರ್ ಹಿಡಿದು ಹೊಲಕ್ಕಿಳಿದರು. ಸಿಕ್ಕಿದ್ದು ರೋಮನ್ ಕಾಲದ ಚಿನ್ನಬೆಳ್ಳಿ. ರಾಶಿ ದೊಡ್ಡದು ಎಂದು ಗೊತ್ತಾದೊಡನೆ ಅವರು ಅಗೆತ ನಿಲ್ಲಿಸಿ ವಿಷಯ ತಿಳಿಸಿದರು, ಮಿಕ್ಕಿದ್ದನ್ನು ಮರುದಿನ ಪುರಾತತ್ತ್ವಜ್ಞರು ತೆಗೆದರು. ಸುಮಾರು 15 ಸಾವಿರ ನಾಣ್ಯಗಳ ಜೊತೆಗೆ, ಮರದ ಪೆಟ್ಟಿಗೆಯ ಕುರುಹು, ಬೆಳ್ಳಿಯ ಪುಟ್ಟ ಬೀಗಗಳು, ಸಾಮಾನನ್ನು ಹೇಗೆ ಜೋಡಿಸಿಟ್ಟಿದ್ದರು ಎಂಬ ವಿವರ ಎಲ್ಲವೂ ಉಳಿದವು. ಅದರಲ್ಲಿ ಕಾಳುಮೆಣಸಿನ ಪುಡಿ ಉದುರಿಸುವ ಬೆಳ್ಳಿಯ ಪಾತ್ರೆಗಳೂ ಇದ್ದವು. ರೋಮನ್ನರಿಗೆ ಆ ಮೆಣಸು ಹಡಗೇರಿ ಹೋಗುತ್ತಿದ್ದುದು ನಮ್ಮ ಪಶ್ಚಿಮ ಕರಾವಳಿಯ ಬಂದರುಗಳಿಂದ. ಆಗಿನ ಕಾನೂನಿನಂತೆ ಪರಿಹಾರದ 17.5 ಲಕ್ಷ ಪೌಂಡ್ ಪೂರ್ತಿ ಹುಡುಕಿದವರಿಗೇ ಸಲ್ಲಬೇಕಿತ್ತು, ಆದರೂ ಲಾಸ್ ಅದನ್ನು ರೈತರೊಂದಿಗೆ ಹಂಚಿಕೊಂಡರು. ಸುತ್ತಿಗೆಯೂ ಸಿಕ್ಕಿತು, ಈಗ ಅದು ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಸಾಮಾನ್ಯ ವಸ್ತುಗಳನ್ನು ಆಯಾ ಪ್ರದೇಶದ ಫೈಂಡ್ಸ್ ಲಯಸನ್ ಆಫೀಸರ್‌ಗೆ ತೋರಿಸಿ ದಾಖಲಿಸುವ ವ್ಯವಸ್ಥೆಯಿದೆ, ಅದಕ್ಕೆ ಕಾನೂನಿನ ಒತ್ತಾಯವಿಲ್ಲ. ಸಿಕ್ಕ ಜಾಗವನ್ನು ಜಿಪಿಎಸ್‌ನಲ್ಲಿ ಗುರುತಿಸದೆ ತಂದ ನಾಣ್ಯದಿಂದ ಇತಿಹಾಸಕ್ಕೆ ಹೆಚ್ಚಿನ ಉಪಯೋಗವಿಲ್ಲ. ಆದರೆ ಹೊಲದ ಗುರುತು ಸಿಗುವಂಥ ಫೋಟೋವನ್ನು ಫೇಸ್‌ಬುಕ್‌ನಲ್ಲಿ ಹಾಕಿದರೆ, ರಾತ್ರಿ ಕದ್ದು ಅಗೆಯುವ ನೈಟ್‌ಹಾಕ್‌ಗಳು ಬರುವುದು ನಮ್ಮ ಮನೆಗಲ್ಲ, ಆ ರೈತನ ಹೊಲಕ್ಕೆ. ತಲೆಗಿಷ್ಟು ಎಂದು ಹಣ ಪಡೆದು ನೂರಾರು ಜನರನ್ನು ಹೊಲಕ್ಕಿಳಿಸುವ ರ‍್ಯಾಲಿಗಳ ಬಗ್ಗೆಯೂ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಸಂಜೆ ಅಲ್ಲಿಂದ ಹೊರಡುವ ಜೇಬುಗಳಲ್ಲಿ ಏನಿತ್ತು ಎಂಬುದನ್ನು ಯಜಮಾನರು ತಿಳಿಯುವ ಬಗೆ ಹೇಗೆ?

ಊರಿಗೆ ಬರುವಾಗ ಯಂತ್ರವನ್ನೂ ತನ್ನಿ, ಹಂಪಿಯ ಕಡೆ ಒಂದು ಸುತ್ತು ಹಾಕೋಣ ಎಂದು ಬಂಧುಗಳು ತಮಾಷೆ ಮಾಡುವುದುಂಟು. ನಾನು ತರುವುದಿಲ್ಲ. ಇಲ್ಲಿರುವಂತೆ ಹವ್ಯಾಸಿಗಳಿಂದ ವಸ್ತು ಪಡೆದು ದಾಖಲಿಸುವ ಏರ್ಪಾಡು ನಮ್ಮಲ್ಲಿಲ್ಲ. ನಿಧಿ ಸಿಕ್ಕರೆ ಕಾನೂನಿನ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು, ಸಂರಕ್ಷಿತ ಸ್ಮಾರಕಗಳ ಸುತ್ತ ಅಗೆಯುವಂತೆಯೇ ಇಲ್ಲ. 2019ರ ಜುಲೈಯಲ್ಲಿ ಆನೆಗೊಂದಿಯ ನವಬೃಂದಾವನದಲ್ಲಿ ವ್ಯಾಸರಾಯರ ಬೃಂದಾವನವನ್ನೇ ನಿಧಿಗಳ್ಳರು ಒಡೆದು ಹಾಕಿದ ಮೇಲೆ, ಆ ಸೀಮೆಯಲ್ಲಿ ಡಿಟೆಕ್ಟರ್ ಹಿಡಿದು ನಿಂತವನನ್ನು ಜನ ಯಾವ ದೃಷ್ಟಿಯಿಂದ ನೋಡಿದರೂ ಅವರ ತಪ್ಪಲ್ಲ.

ಕೊನೆಯದಾಗಿ, ಒಲ್ಲೆ ಎಂದವರ ಬಗ್ಗೆ. ಯಜಮಾನರು ಕಾರಣ ಹೇಳಬೇಕಾಗಿಲ್ಲ, ನಾವು ಕೇಳಲೂಬಾರದು. ಕೊಟ್ಟ ಅನುಮತಿಯನ್ನು ನಡುವೆ ಹಿಂತೆಗೆದುಕೊಂಡರೂ ಅಷ್ಟೇ. ಹೊಲ ಮಾರಾಟವಾದರೆ ಅಥವಾ ಮಗನ ಕೈಗೆ ಬಂದರೆ ಹಳೆಯ ಕಾಗದವನ್ನು ನಂಬಿಕೊಳ್ಳದೆ ಹೊಸಬರನ್ನು ಹೊಸದಾಗಿ ಕೇಳಬೇಕು. ಅನುಮತಿ ಸಿಗದ ಹೊಲದ ನಡುವೆ ಸಾರ್ವಜನಿಕ ಕಾಲುದಾರಿ ಹಾದುಹೋಗಿದ್ದರೆ, ಅದರ ಮೇಲೆ ನಿಂತು ಡಿಟೆಕ್ಟರ್ ಬೀಸಬಹುದಲ್ಲವೇ ಎಂದು ಒಬ್ಬರು ಕೇಳಿದ್ದರು. ಬೀಸುವಂತಿಲ್ಲ. ಆ ದಾರಿಯಲ್ಲಿ ನಮಗಿರುವುದು ನಡೆದು ಹೋಗುವ ಹಕ್ಕು ಮಾತ್ರ.