ಎಂಟು ಜಿಬಿಯಲ್ಲಿ ತೊಂಬತ್ತೊಂಬತ್ತು ಜನ

ಕಂಪ್ಯೂಟರಿನಲ್ಲಿ ಸಂಗೀತ ಕೂಡಿಸುವ ಚಟ ಅಂಟಿಸಿಕೊಂಡವರಿಗೆ ಇಂದಲ್ಲ ನಾಳೆ ಆರ್ಕೆಸ್ಟ್ರಾ ಬೇಕು ಅನ್ನಿಸಿಯೇ ಅನ್ನಿಸುತ್ತದೆ. ನಮ್ಮ ಮನೆಯಲ್ಲಿ ಅದು ನನಗಿಂತ ಮೊದಲು ಅನ್ನಿಸಿದ್ದು ನನ್ನ ಬಾಮೈದನಿಗೆ. ಅವನೊಂದು ಕಿರುಚಿತ್ರ ತೆಗೆದಿದ್ದ. ನಾಯಕಿ ಬಸ್ಸಿಗೆ ಕಾಯುತ್ತಾಳೆ, ಅಳುತ್ತಾಳೆ, ಬಸ್ಸು ಬರುತ್ತದೆ, ಹತ್ತಿ ಹೋಗುತ್ತಾಳೆ. ಅಷ್ಟೇ ಕತೆ.

"ಭಾವ, ಬಸ್ ಹೊರಡೋವಾಗ ಹಿಂದೆ ಒಂದು ದೊಡ್ಡ ಆರ್ಕೆಸ್ಟ್ರಾ ಏಳ್ಬೇಕು. ಹಾಲಿವುಡ್ ಥರ. ಬಜೆಟ್ ಮಾತ್ರ ಕೇಳ್ಬೇಡಿ" ಅಂದ.

ಕೇಳಲಿಲ್ಲ. ಅವನ ಅಕ್ಕನನ್ನು ಮದುವೆಯಾಗಿ ಅಷ್ಟು ತಿಳಿದುಕೊಳ್ಳದಿದ್ದರೆ ಹೇಗೆ.

ಬಜೆಟ್ ಇಲ್ಲದವರಿಗಾಗಿಯೇ ಇರುವುದು ಸ್ಯಾಂಪಲ್ ಲೈಬ್ರರಿ. ಒಳ್ಳೆಯ ಸ್ಟುಡಿಯೋದಲ್ಲಿ ನಿಜವಾದ ವಾದ್ಯಗಾರರನ್ನು ಕೂರಿಸಿ ಒಂದೊಂದೇ ಸ್ವರ ಮುದ್ರಿಸಿಕೊಳ್ಳುತ್ತಾರೆ. ಮೆಲ್ಲಗೊಂದು ಸಲ, ಜೋರಾಗಿ ಒಂದು ಸಲ, ಕಮಾನು ಎಳೆದು, ಕಮಾನು ಕುಟ್ಟಿ, ಬೆರಳಲ್ಲಿ ಮೀಟಿ. ಒಂದೇ ಸ್ವರ ಪದೇ ಪದೇ ಬಂದಾಗ ಯಂತ್ರ ಅನ್ನಿಸಬಾರದು ಅಂತ ಅದನ್ನೇ ನಾಲ್ಕಾರು ಬಾರಿ ನುಡಿಸಿಸಿ ಸರದಿ ಮೇಲೆ ಬಿಡುತ್ತಾರೆ. ಅದಕ್ಕೆ ರೌಂಡ್ ರಾಬಿನ್ ಅನ್ನುತ್ತಾರೆ. ಆಮೇಲೆ ಸರಸ್ವತಿಪುರಂನಲ್ಲಿ ಲುಂಗಿ ಉಟ್ಟು ಕೂತು, ಕಂಪ್ಯೂಟರಿಗೆ ಜೋಡಿಸಿದ ಪಿಯಾನೋ ಥರದ ಕೀಬೋರ್ಡಿನಲ್ಲಿ ಒಂದು ಕೀ ಒತ್ತಿದರೆ ಲಂಡನ್ನಿನ ಪಿಟೀಲಿನವರು ನುಡಿಸುತ್ತಾರೆ. ಇದರ ಅಜ್ಜ ಅನ್ನಬಹುದಾದ ಮೆಲೊಟ್ರಾನ್ ಎಂಬ ವಾದ್ಯ 1963ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿತು. ಅದರಲ್ಲಿ ಪ್ರತಿ ಕೀಗೂ ಒಂದು ತುಂಡು ಟೇಪು, ಸುಮಾರು ಎಂಟು ಸೆಕೆಂಡು ಓಡಿ ನಿಂತುಬಿಡುತ್ತಿತ್ತು. ಆ ಎಂಟು ಸೆಕೆಂಡಿನ ಶಿಸ್ತು ಈಗಲೂ ಇದ್ದಿದ್ದರೆ ನಮ್ಮ ಧಾರಾವಾಹಿಗಳ ಹಿನ್ನೆಲೆ ಸಂಗೀತ ಎಷ್ಟೋ ಸಹ್ಯವಾಗಿರುತ್ತಿತ್ತು.

ಆಯ್ಕೆಗೆ ಮುಂಚೆ ಡೆಮೋ ಕೇಳಬೇಕು. ಕೇಳಿದೆ. ಎಲ್ಲದರಲ್ಲೂ ಹಡಗು ಮುಳುಗುತ್ತಿತ್ತು, ಕೋಟೆ ಉರುಳುತ್ತಿತ್ತು, ಯಾರೋ ಕುದುರೆ ಮೇಲೆ ಬೆಟ್ಟ ಹತ್ತುತ್ತಿದ್ದರು. ಬಸ್ಸಿಗೆ ಕಾಯುವ ಹೆಂಗಸಿಗೆ ಅಂತ ಒಬ್ಬರೂ ಡೆಮೋ ಮಾಡಿರಲಿಲ್ಲ. ಅಡುಗೆಮನೆಯಿಂದ ನನ್ನ ಹೆಂಡತಿ, "ರೀ, ಯುದ್ಧ ಇನ್ನೂ ಎಷ್ಟೊತ್ತಿದೆ? ಕುಕ್ಕರ್ ಕೂಗಿದ್ದು ಕೇಳಿಸ್ತಿಲ್ಲ" ಅಂದಳು. ಡೆಮೋಗಳ ಬಗ್ಗೆ ನನ್ನ ಅಭಿಪ್ರಾಯ ಇಷ್ಟು: ಅವನ್ನು ಕೂಡಿಸುವವರು ಪಳಗಿದ ಕೈಗಳು, ಒಂದೊಂದು ಸ್ವರದ ಏರಿಳಿತವನ್ನೂ ಕೂತು ತಿದ್ದಿರುತ್ತಾರೆ. ತಮಟೆ, ತುತ್ತೂರಿ ಎಲ್ಲ ಒಟ್ಟಿಗೆ ಮೊಳಗುವಾಗ ಯಾವ ಲೈಬ್ರರಿಯೂ ಚೆನ್ನಾಗಿಯೇ ಕೇಳುತ್ತದೆ. ಬೇರೇನೂ ಇಲ್ಲದೆ ಪಿಟೀಲಿನ ಸಾಲೊಂದೇ ನಿಧಾನವಾಗಿ ಒಂದು ಎಳೆ ನುಡಿಸಿದಾಗ ಹೇಗಿರುತ್ತದೆ, ಅದನ್ನು ಕೇಳಬೇಕು. ಅದನ್ನು ಕೇಳಿಸುವವರು ಕಡಿಮೆ.

ಇನ್ನೊಂದು ತಲೆನೋವು ಕೋಣೆಯದು. ವಿಯೆನ್ನಾ ಫಿಲ್‌ಹಾರ್ಮೋನಿಕ್‌ನಲ್ಲಿ ಚೆಲ್ಲೊ ನುಡಿಸಿದ್ದ ಹರ್ಬ್ ಟುಕ್‌ಮಾಂಡ್ಲ್ ಕಟ್ಟಿದ ವಿಯೆನ್ನಾ ಸಿಂಫೋನಿಕ್ ಲೈಬ್ರರಿ ಮೊದಮೊದಲು ಮುದ್ರಿಸಿದ್ದು ಸೈಲೆಂಟ್ ಸ್ಟೇಜ್ ಅನ್ನುವ, ಪ್ರತಿಧ್ವನಿಯೇ ಹೆಚ್ಚಿಲ್ಲದ ಜಾಗದಲ್ಲಿ. ಗುಂಗನ್ನು ನಾವೇ ಸೇರಿಸಿಕೊಳ್ಳಬೇಕು. ಸ್ಪಿಟ್‌ಫೈರ್ ಆಡಿಯೋ ಎಂಬ ಕಂಪನಿಯವರದ್ದು ತದ್ವಿರುದ್ಧ, ಕೋಣೆಯ ಗುಂಗು ಸ್ವರದ ಜೊತೆಗೇ ಬರುತ್ತದೆ. ಬಿಬಿಸಿ ಸಿಂಫನಿ ಆರ್ಕೆಸ್ಟ್ರಾದ 99 ಜನರನ್ನು ಅವರು ಮುದ್ರಿಸಿದ್ದು ಲಂಡನ್ನಿನ ಮೇಡಾ ವೇಲ್ ಸ್ಟುಡಿಯೋದಲ್ಲಿ. ಆ ಕಟ್ಟಡ ಮೂಲದಲ್ಲಿ ಸ್ಕೇಟಿಂಗ್ ಮಾಡುವ ಜಾಗವಂತೆ. ಜನ ಜಾರಿ ಬೀಳುತ್ತಿದ್ದ ಕಡೆ ಈಗ ಸ್ವರ ಜಾರುತ್ತದೆ, ಆಗಲಿ. 2019ರಲ್ಲಿ ಬಂದ ಈ ಲೈಬ್ರರಿಯ ದೊಡ್ಡ ಆವೃತ್ತಿಗೆ ನಾನು ಮನಸೋತೆ.

ಅದರ ತೂಕ ಸುಮಾರು 600 ಜಿಬಿ. ನನ್ನ ಕಂಪ್ಯೂಟರಿನ ರ‍್ಯಾಮ್ 8 ಜಿಬಿ. ಮನೆಯ ಇಂಟರ್‌ನೆಟ್ಟು ತಿಂಗಳ ಮಿತಿ ದಾಟಿದರೆ 2 ಎಂಬಿಪಿಎಸ್‌ಗೆ ಇಳಿದುಬಿಡುತ್ತದೆ. ಲೆಕ್ಕ ಹಾಕಿದೆ: ಆ ವೇಗದಲ್ಲಿ ಇಡೀ ಆರ್ಕೆಸ್ಟ್ರಾ ಮನೆ ತಲುಪಲು 27 ದಿನ ಮೀರಿ ಬೇಕು, ಅದೂ ಕರೆಂಟು ಹೋಗದಿದ್ದರೆ, ಮಗಳು ರೀಲ್ಸ್ ನೋಡದಿದ್ದರೆ. ಕರೆಂಟನ್ನಾದರೂ ನಂಬಬಹುದು.

ಮೈಸೂರಿನಲ್ಲಿ ಕೂತು ಲಂಡನ್ನಿನ ಆರ್ಕೆಸ್ಟ್ರಾಕ್ಕೆ ಆಸೆಪಟ್ಟವರಲ್ಲಿ ನಾನು ಮೊದಲನೆಯವನೇನಲ್ಲ ಅನ್ನುವುದೇ ಸಮಾಧಾನ. ಜಯಚಾಮರಾಜ ಒಡೆಯರು ಅಲ್ಲಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು. ರಷ್ಯದ ಸಂಗೀತ ರಚನಕಾರ ಮೆಟ್ನರ್ ಮುಪ್ಪಿನಲ್ಲಿ ತನ್ನ ಕೃತಿಗಳನ್ನು ಮುದ್ರಿಸಿಕೊಳ್ಳಲು ಹಣ ಕೊಟ್ಟವರೂ ಅವರೇ. ಜರ್ಮನಿಯ ಸಂಗೀತ ರಚನಕಾರ ರಿಚರ್ಡ್ ಸ್ಟ್ರಾಸ್‌ನ ಕೊನೆಯ ಹಾಡುಗಳು 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿ ಕೇಳಿದ್ದು ಮಹಾರಾಜರು ಖರ್ಚಿಗೆ ಜಾಮೀನು ನಿಂತಿದ್ದರಿಂದ. ಅವರಿಗೆ ಹೋಗಲಾಗಲಿಲ್ಲ, ಅದಕ್ಕೆ ಅವರಿಗೋಸ್ಕರ ಕಛೇರಿಯನ್ನು ಮುದ್ರಿಸಿದರು. ಅವರ ಡೌನ್‌ಲೋಡೂ ನಿಧಾನದ್ದೇ. ಒಂದೇ ವ್ಯತ್ಯಾಸ, ಅವರು ಇಡೀ ಆರ್ಕೆಸ್ಟ್ರಾವನ್ನು ಸಾಕಬಲ್ಲವರಾಗಿದ್ದರು; ನಾನು ಇಷ್ಟನ್ನೂ ತುಂಬಿಡಲು ಹೊಸ ಎಸ್‌ಎಸ್‌ಡಿ ಅಂದ ಕೂಡಲೇ ಮನೆಯಲ್ಲಿ ವಾಷಿಂಗ್ ಮೆಷಿನ್ನಿನ ಮಾತು ಬಂತು.

ಅದೇ 99 ಜನರನ್ನು ಹಿಂಡಿ 200 ಎಂಬಿಯ ಸುಮಾರಿಗೆ ಇಳಿಸಿದ ಡಿಸ್ಕವರ್ ಎಂಬ ಪುಟ್ಟ ಆವೃತ್ತಿಯೂ ಇತ್ತು. ಆಗ ಅದನ್ನು ಪಡೆಯಲು ಎರಡು ದಾರಿ: 49 ಡಾಲರ್ ಕೊಡಿ, ಇಲ್ಲವೇ ಒಂದಷ್ಟು ಪ್ರಶ್ನೆಗಳಿಗೆ ಉತ್ತರ ತುಂಬಿ ಹದಿನಾಲ್ಕು ದಿನ ಕಾಯಿರಿ, ಪುಕ್ಕಟೆ. ಕಾಯುವ ದಾರಿ ಹಿಡಿದೆ. "ನಿಮ್ಮ ನಾಯಕಿಗಾದ್ರೂ ಬಸ್ ಬೇಗ ಬಂತು" ಅಂದಳು ಹೆಂಡತಿ.

ಬಂದ ಮೇಲೆ ತಕರಾರಿಲ್ಲದೆ ಕೆಲಸ ಮಾಡಿತು. ಆದರೆ ಸುಮ್ಮನಿರಲು ಬಿಡಬೇಕಲ್ಲ! ನವೆಂಬರಿನ ಕೊನೆಯಲ್ಲಿ ಈ ಕಂಪನಿಗಳೆಲ್ಲ ರಿಯಾಯಿತಿಯ ಬಾಗಿಲು ತೆರೆಯುತ್ತವೆ. ಬರೀ ತಂತಿವಾದ್ಯಗಳದ್ದೇ ಒಂದು ಲೈಬ್ರರಿ, ಲೆಗಾಟೊ ಅದ್ಭುತ ಅಂತ ಎಲ್ಲರೂ ಹೊಗಳಿದ್ದು, ಅರ್ಧ ಬೆಲೆಗೆ ಸಿಕ್ಕಿತು. ಲೆಗಾಟೊ ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಕಡಿಯದೆ ಹೋಗುವುದು. ಇದರಲ್ಲಿ ಆ ಹಾದಿಯನ್ನೂ ನಿಜವಾಗಿ ನುಡಿಸಿ ಮುದ್ರಿಸಿರುತ್ತಾರೆ. ಹಾಗಾಗಿ ಕೀ ಒತ್ತಿದೊಡನೆ ಸ್ವರ ಬರುವುದಿಲ್ಲ, ಹಾದಿ ಕ್ರಮಿಸಿ ಬರುತ್ತದೆ. ಕೆಲವದರಲ್ಲಿ ಸೆಕೆಂಡಿನ ಮೂರನೇ ಒಂದು ಭಾಗ ತಡ. ನನ್ನ ಡೋಲು ಮುಂದೆ, ಪಿಟೀಲು ಹಿಂದೆ. ಪ್ರತಿ ಸ್ವರವನ್ನೂ ಮೌಸಿನಲ್ಲಿ ಹಿಡಿದು ಎಡಕ್ಕೆ ಎಳೆದು, ಸಮಯಕ್ಕೆ ಮೊದಲೇ ಹೊರಡಿಸಬೇಕು. ಸರ್ಕಾರಿ ಕೆಲಸ ಮಾಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ.

ಕೀಬೋರ್ಡಿನ ಎಡತುದಿಯ ಕೀಗಳದ್ದು ಮತ್ತೊಂದು ಕತೆ. ಅವಕ್ಕೆ ಸದ್ದಿಲ್ಲ. ಪಿಟೀಲಿಗೆ ಅಷ್ಟು ಕೆಳಗಿನ ಸ್ವರ ಇಲ್ಲದ್ದರಿಂದ ಅವನ್ನು ನುಡಿಸುವ ಬಗೆ ಬದಲಿಸಲು ಇಟ್ಟಿರುತ್ತಾರೆ: ಒಂದನ್ನು ಒತ್ತಿದರೆ ಕಮಾನು, ಪಕ್ಕದ್ದನ್ನು ಒತ್ತಿದರೆ ಪಿಟ್ಸಿಕಾಟೊ, ಅಂದರೆ ಬೆರಳಲ್ಲಿ ಮೀಟುವುದು. ನಮ್ಮಮ್ಮನ ಕಣ್ಣಲ್ಲಿ ಸದ್ದಿಲ್ಲದ ಕೀ ಅಂದರೆ ಕೆಲಸಕ್ಕೆ ಬಾರದ ಕೀ. ನಾಯಕಿ ಅಳುವ ಭಾಗವನ್ನು ರೆಕಾರ್ಡಿಗೆ ಹಾಕಿ ಕಣ್ಣು ಅರೆಮುಚ್ಚಿ ನುಡಿಸುತ್ತಿದ್ದೆ. ಅಮ್ಮ ತೊಂದರೆ ಕೊಡಬಾರದು ಅಂತ ಉಸಿರು ಬಿಗಿಹಿಡಿದು ಬಂದು ಕಾಫಿಯ ಲೋಟವನ್ನು ಎಡತುದಿಯಲ್ಲಿ ಇಟ್ಟುಹೋದರು. ಹಿತ್ತಾಳೆ ಲೋಟ, ಗಟ್ಟಿ ಬುಡ. ಬುಡದ ಅಂಚು ಕೂತದ್ದು ಸರಿಯಾಗಿ ಪಿಟ್ಸಿಕಾಟೊ ಕೀ ಮೇಲೆ. ಹೆಡ್‌ಫೋನಿನಲ್ಲಿ ನನಗೆ ಗೊತ್ತಾಗುವಷ್ಟರಲ್ಲಿ ಕರೆಂಟು ಹೋಯಿತು. ಬಂದಾಗ ಬಾಮೈದ ಬಾಗಿಲಲ್ಲಿದ್ದ, ಕೈಯಲ್ಲಿ ಪೆನ್‌ಡ್ರೈವ್. "ಸಂಜೆ ಆರಕ್ಕೆ ಎಲ್ಲರಿಗೂ ತೋರಿಸ್ತಿದೀನಿ ಭಾವ, ತಿದ್ದೋದೆಲ್ಲ ಆಮೇಲೆ" ಅಂದವನು ಇದ್ದದ್ದನ್ನು ಹಾಕಿಸಿಕೊಂಡು ಓಡಿದ.

ರಾತ್ರಿ ಫೋನು ಬಂತು. "ಭಾವ, ಅವಳ ಕಣ್ಣಲ್ಲಿ ನೀರು ಬರ್ತಿದೆ, ಹಿಂದೆ ಯಾರೋ ಸಾಸಿವೆ ಸಿಡಿಸ್ತಿದಾರೆ."

ಇಷ್ಟೆಲ್ಲ ಗದ್ದಲ ಕೇಳಿಸಿಕೊಂಡು ಎದುರುಮನೆ ಪಿಟೀಲು ಮೇಷ್ಟ್ರು ಒಂದು ಬೆಳಿಗ್ಗೆ ಬಂದರು. ತಂತಿವಾದ್ಯಗಳ ಸಾಲನ್ನು ಕೇಳಿಸಿದೆ. ತಲೆ ಬಗ್ಗಿಸಿ ಪೂರ್ತಿ ಕೇಳಿದರು.

"ಏನ್ರೀ ಇದು, ಇಷ್ಟೊಂದು ಜನ ನುಡಿಸ್ತಿದಾರೆ, ಒಬ್ಬನಾದ್ರೂ ಗಮಕ ಹಾಕ್ತಿಲ್ಲವಲ್ಲ. ಎಲ್ಲಿ, ಒಂದು ತೋಡಿ ಗಾಂಧಾರ ಹಿಡೀಲಿ ನೋಡೋಣ."

ಸ್ವರವನ್ನು ಏರಿಸಿಳಿಸಲು ಕೀಬೋರ್ಡಿನಲ್ಲಿರುವ ಪಿಚ್ ವೀಲ್ ಎಂಬ ಗಾಲಿಯನ್ನು ಮೇಲೆ ಕೆಳಗೆ ಆಡಿಸಿದೆ. ಸ್ವರ ಜಾರಿತು, ಸುಳ್ಳಲ್ಲ. ಆದರೆ ಮುದ್ರಿಸಿದ ಧ್ವನಿಯನ್ನೇ ಜಗ್ಗುವುದರಿಂದ ಇಡೀ ಸಾಲಿನವರು ಒಬ್ಬರೇ ಎನ್ನುವಷ್ಟು ಒಟ್ಟಿಗೆ ಜಾರುತ್ತಾರೆ, ಅವರ ಜೊತೆ ಆ ಕೋಣೆಯ ಗೋಡೆಯಿಂದ ಬಂದ ಪ್ರತಿಧ್ವನಿಯೂ ಜಾರುತ್ತದೆ. ಮೇಷ್ಟ್ರು ಕುರ್ಚಿಯ ಕೈ ಹಿಡಿದುಕೊಂಡರು.

ನನಗೂ ಸ್ವಲ್ಪ ಸಿಟ್ಟು ಬಂತು. "ನಿಮ್ಮ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯೂ ಯಂತ್ರವೇ ಅಲ್ವಾ ಸಾರ್?" ಅಂದೆ.

"ಅದು ಶ್ರುತಿ ಕೊಟ್ಟು ಸುಮ್ಮನಿರುತ್ತೆ. ಹಾಡೋಕೆ ಹೋಗಲ್ಲ."

ಇದಕ್ಕೆ ಉತ್ತರ ಇರಲಿಲ್ಲ. ಕಾಫಿ ಬಂತು, ಕುಡಿದರು, ಎದ್ದರು. ಚಪ್ಪಲಿ ಮೆಟ್ಟುತ್ತಾ ಒಳಗೆ ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು ದನಿ ತಗ್ಗಿಸಿದರು.

"ಅಲ್ಲಾರೀ, ಇದರಲ್ಲಿ ಮೃದಂಗ ಸಿಗುತ್ತಾ?"

"ಸಿಗುತ್ತೆ ಸಾರ್. ನಮ್ಮ ವಾದ್ಯಗಳಿಗೆ ಅಂತಲೇ ಬೇರೆ ಲೈಬ್ರರಿಗಳಿವೆ."

"ನಾನು ಹೇಳಿದಷ್ಟೇ ನುಡಿಸುತ್ತಾ? ತನಿಯಾವರ್ತನಕ್ಕೆ ಬಿಟ್ಟರೆ ಮುಗಿಸು ಅಂದಾಗ ಮುಗಿಸುತ್ತಾ?"

"ಸ್ಪೇಸ್ ಬಾರ್ ಒತ್ತಿದ್ರೆ ಅಲ್ಲೇ ನಿಲ್ಲುತ್ತೆ."

ಮೇಷ್ಟ್ರು ಒಂದು ಕ್ಷಣ ಗೇಟು ಹಿಡಿದು ನಿಂತರು. "ಎಷ್ಟು ಜಿಬಿ?" ಅಂದರು.