ಕ್ಷಿಪಣಿ ಇದ್ದರೆ ಸಾಲದು, ಗಟ್ಟಿ ಕೋಣೆಯೂ ಬೇಕು

ನಾನಿರುವುದು ಇಸ್ರೇಲಿನ ಟೆಲ್ ಅವೀವ್‌ನಲ್ಲಿ. ಊರಿನವರು ಫೋನ್ ಮಾಡಿದರೆ ಕೇಳುವುದು ರಾಕೆಟ್‌ಗಳನ್ನು ಆಕಾಶದಲ್ಲೇ ಹೊಡೆದುರುಳಿಸುವ ಐರನ್ ಡೋಮ್ ಬಗ್ಗೆಯೇ. 2011ರಿಂದ ಕೆಲಸ ಮಾಡುತ್ತಿರುವ ಆ ವ್ಯವಸ್ಥೆ ನಿಜಕ್ಕೂ ಜಾಣ. ಬರುತ್ತಿರುವ ರಾಕೆಟ್ ಎಲ್ಲಿ ಬೀಳುತ್ತದೆ ಅಂತ ಮೊದಲೇ ಲೆಕ್ಕ ಹಾಕುತ್ತದೆ. ಬಯಲಿಗೆ ಬೀಳುವುದನ್ನು ಬಿಟ್ಟು, ಜನವಸತಿಯ ಕಡೆ ಬರುವುದನ್ನು ಹೊಡೆಯುತ್ತದೆ. ಆದರೆ ಒಂದೆರಡು ತಪ್ಪಿಸಿಕೊಂಡೇ ಬರುತ್ತವೆ. ಹೊಡೆದುರುಳಿಸಿದ್ದರ ಚೂರುಗಳೂ ತಲೆ ಮೇಲೇ ಬೀಳುತ್ತವೆ ಅಲ್ವಾ? ಅದಕ್ಕೇ ನನಗೆ ಹೆಚ್ಚು ಧೈರ್ಯ ಕೊಡುವುದು ಮನೆಯೊಳಗಿನ ಮಮಾದ್, ಅಂದರೆ ದಾಳಿಯಾದಾಗ ಅಡಗಿ ಕೂರುವ ಗಟ್ಟಿ ಕೋಣೆ.

1991ರ ಕೊಲ್ಲಿ ಯುದ್ಧದಲ್ಲಿ ಇರಾಕ್ ಇಲ್ಲಿಗೆ ಸ್ಕಡ್ ಕ್ಷಿಪಣಿ ಬಿಟ್ಟಿತು. ಆಮೇಲೆ ಹೊಸ ಮನೆಗಳಿಗೆಲ್ಲ ಇಂಥ ಕೋಣೆ ಕಡ್ಡಾಯವಾಯಿತು. ದಪ್ಪ ಕಾಂಕ್ರೀಟ್ ಗೋಡೆ, ಉಕ್ಕಿನ ಬಾಗಿಲು, ಕಿಟಕಿಗೆ ಎಳೆದು ಮುಚ್ಚುವ ಉಕ್ಕಿನ ಹಲಗೆ. ಬೇರೆ ದಿನ ಅಲ್ಲೇ ಮಕ್ಕಳು ಮಲಗುತ್ತವೆ. ಗಾಜಾದಿಂದ ರಾಕೆಟ್ ಬಂದರೆ ಸೈರನ್ ಕೂಗಿದ ಮೇಲೆ ನಮಗೆ 90 ಸೆಕೆಂಡ್ ಸಿಗುತ್ತದೆ. ಗಡಿ ಪಕ್ಕದ ಸ್ದೆರೋತ್‌ನವರಿಗೆ ಬರೀ 15.

ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಮಂಗಳೂರು, ಉಡುಪಿ ಕಡೆಯಿಂದ ಇಲ್ಲಿಗೆ ಬಂದವರು ತುಂಬಾ ಜನ ಇದ್ದಾರೆ. ಸೈರನ್ ಕೂಗಿದ ಮೇಲಿನ ಆ 90 ಸೆಕೆಂಡಿನಲ್ಲೇ ಅವರು ಅಜ್ಜಿಯನ್ನು ಹಾಸಿಗೆಯಿಂದೆಬ್ಬಿಸಿ, ವೀಲ್‌ಚೇರ್‌ನಲ್ಲಿ ಕೂರಿಸಿ, ಒಳಗೆ ತಳ್ಳಿ, ಬಾಗಿಲ ಹಿಡಿಯನ್ನು ಪೂರ್ತಿ ತಿರುಗಿಸಬೇಕು. ಹಳೇ ಕಟ್ಟಡಗಳಲ್ಲಿ ಮಮಾದ್ ಇಲ್ಲ. ಅಜ್ಜಿಯನ್ನು ಮೆಟ್ಟಿಲ ಹತ್ತಿರ ತಂದು ಜೊತೆಗೆ ಕೂರಬೇಕು, ಅಷ್ಟೇ. ದಕ್ಷಿಣದ ನೆಗೆವ್ ಮರುಭೂಮಿಯಲ್ಲಿ ಬೆದೂಯಿನ್ ಅನ್ನುವ ಅರಬ್ ಸಮುದಾಯದವರ ಎಷ್ಟೋ ಹಳ್ಳಿಗಳಲ್ಲಿ ಅದೂ ಇಲ್ಲ, ತಗಡಿನ ಸೂರು. 2024ರ ಏಪ್ರಿಲ್‌ನಲ್ಲಿ ಇರಾನ್ ದಾಳಿ ಮಾಡಿದ ರಾತ್ರಿ ಅಲ್ಲಿನ 7 ವರ್ಷದ ಹುಡುಗಿಗೆ ಚೂರು ಬಡಿದು ಗಂಭೀರ ಗಾಯವಾಯಿತು. ಇಷ್ಟೆಲ್ಲ ತಯಾರಿ ಇರುವ ದೇಶದಲ್ಲಿ ಇದು ಅನ್ಯಾಯ.

ನಮ್ಮ ಭಾರತದಲ್ಲೂ ಆಯುಧಕ್ಕೆ ಕೊರತೆಯಿಲ್ಲ. ಶತ್ರು ವಿಮಾನಗಳನ್ನು ಹೊಡೆಯುವ ಆಕಾಶ್ ಕ್ಷಿಪಣಿಯ ರಾಜೇಂದ್ರ ರೇಡಾರ್ ರೂಪುಗೊಂಡಿದ್ದೇ ಬೆಂಗಳೂರಿನ ರಕ್ಷಣಾ ಪ್ರಯೋಗಾಲಯ ಎಲ್‌ಆರ್‌ಡಿಇಯಲ್ಲಿ. ಅದರ ಬಗ್ಗೆ ನನಗೂ ಹೆಮ್ಮೆಯಿದೆ. ಆದರೆ 2025ರ ಮೇ ತಿಂಗಳಲ್ಲಿ ಬೆಂಗಳೂರು, ಕಾರವಾರ, ರಾಯಚೂರಿನಲ್ಲಿ ವಾಯುದಾಳಿಯ ಅಣಕು ಕವಾಯತು ನಡೆದಾಗ ಅಮ್ಮ ಫೋನ್‌ನಲ್ಲಿ ಕೇಳಿದ್ದು, "ನಿಜವಾಗಿ ಬಂದರೆ ಎಲ್ಲಿಗೆ ಓಡೋದು?" ಅಂತ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಎಲ್ಲ ಮನೆಗೂ ಮಮಾದ್ ಕಟ್ಟಿ ಅಂತ ನಾನು ಹೇಳುವುದಿಲ್ಲ, ಅಷ್ಟು ದುಡ್ಡು ಎಲ್ಲಿದೆ? ಆದರೆ ಮೆಜೆಸ್ಟಿಕ್, ಚಿಕ್ಕಪೇಟೆಯ ನೆಲದಡಿಯ ಮೆಟ್ರೋ ನಿಲ್ದಾಣಗಳು ಈಗಾಗಲೇ ಇವೆ. ಅಪಾರ್ಟ್‌ಮೆಂಟ್‌ಗಳ ಬೇಸ್‌ಮೆಂಟ್‌ಗಳಿವೆ. ಯಾವುದು ಗಟ್ಟಿ ಅಂತ ಎಂಜಿನಿಯರುಗಳು ನೋಡಿ ಬೋರ್ಡ್ ಹಾಕಲಿ. ನೌಕಾನೆಲೆ ಇರುವ ಕಾರವಾರದಲ್ಲಿ ಮಾತ್ರ ಇಷ್ಟು ಸಾಲದು. ಅಲ್ಲಿ ಹೊಸ ಶಾಲೆ, ಆಸ್ಪತ್ರೆಯ ನಕ್ಷೆಗೆ ಒಪ್ಪಿಗೆ ಕೊಡುವಾಗಲೇ ಗಟ್ಟಿ ಕೋಣೆಯೊಂದನ್ನು ಕಡ್ಡಾಯ ಮಾಡಬೇಕು.