ಕಾಮ್ ಆಗಿ ಸರ್, ಲೈನಲ್ಲೇ ಇರಿ

ತಣ್ಣಗಿರುವ ಮನುಷ್ಯನಿಗೆ ಸಿಟ್ಟು ಬರಿಸಲು ಬೈಗುಳವೇ ಬೇಕಿಲ್ಲ, ‘ಕಾಮ್ ಡೌನ್’ ಅಂದರೆ ಸಾಕು. ಮೊನ್ನೆ ಒಂದು ಗ್ರಾಹಕ ಸೇವಾ ಕೇಂದ್ರಕ್ಕೆ ಫೋನ್ ಮಾಡಿ ನಲವತ್ತು ನಿಮಿಷ ಕೊಳಲು ಕೇಳಿದೆ. ಒಂದೇ ರಾಗ, ಒಂದೇ ಕಡೆ ತುಂಡಾಗಿ ಮತ್ತೆ ಮೊದಲಿಂದ. ಕೊನೆಗೆ ಸಿಕ್ಕ ಹುಡುಗ ನಾನು ‘ನೋಡಪ್ಪಾ’ ಅನ್ನುವಷ್ಟರಲ್ಲೇ, ‘ಸ್ವಲ್ಪ ಕಾಮ್ ಆಗಿ ಸರ್’ ಎಂದ. ಅಲ್ಲಿಯವರೆಗೆ ಶಾಂತವಾಗಿಯೇ ಇದ್ದೆ.

ನಿಘಂಟು ತೆರೆದ ಮೇಲೆ ಹುಡುಗನದೇನೂ ತಪ್ಪಿಲ್ಲ ಅನ್ನಿಸಿತು. ಕಾಮ್‌ನ ಬೇರು ಗ್ರೀಕಿನ ‘ಕೌಮ’ದಲ್ಲಿದೆಯಂತೆ. ಅರ್ಥ? ಸುಡುವ ಬಿಸಿಲು! ನಡುಹಗಲ ಝಳಕ್ಕೆ ಎಲ್ಲರೂ ಕೆಲಸ ಬಿಟ್ಟು ನೆರಳಿಗೆ ಬೀಳುವ ಹೊತ್ತಿನ ಹೆಸರು ಲ್ಯಾಟಿನ್, ಇಟಾಲಿಯನ್, ಫ್ರೆಂಚ್ ದಾಟಿ ಇಂಗ್ಲಿಷಿಗೆ ಬರುವಷ್ಟರಲ್ಲಿ ಶಾಂತಿಯಾಯಿತು. ಅಂದರೆ ಇದು ನೆಮ್ಮದಿಯಲ್ಲ, ಬೆಂದು ಸುಸ್ತಾಗಿ ಒರಗುವುದು. ನಲವತ್ತನೇ ನಿಮಿಷದ ನನಗೆ ಹೇಳಿ ಮಾಡಿಸಿದ ಪದ. (calm ಎಂದು ಬರೆಯುವ ಆ ಪದದೊಳಗೆ ನಿಜಕ್ಕೂ ಬಾಯಿ ಮುಚ್ಚಿಕೊಂಡಿರುವುದು ಎಲ್ ಅಕ್ಷರ ಒಂದೇ.)

ಸರ್ಕಾರಗಳಿಗೂ ಇದು ಅಚ್ಚುಮೆಚ್ಚು. 1939ರಲ್ಲಿ ಯುದ್ಧ ಹೊಸ್ತಿಲಿಗೆ ಬಂದಾಗ ಬ್ರಿಟನ್ ‘ಕೀಪ್ ಕಾಮ್ ಅಂಡ್ ಕ್ಯಾರಿ ಆನ್’ (ಶಾಂತವಾಗಿರಿ, ನಿಮ್ಮ ಪಾಡಿಗೆ ಮುಂದುವರಿಯಿರಿ) ಎಂಬ ಪೋಸ್ಟರನ್ನು ಸುಮಾರು 24.5 ಲಕ್ಷ ಪ್ರತಿ ಅಚ್ಚು ಹಾಕಿಸಿ, ಬಾಂಬು ಬೀಳುವ ದಿನಕ್ಕಿರಲಿ ಎಂದು ಎತ್ತಿಟ್ಟಿತು. ಬಾಂಬು ಬಿದ್ದವು. ಪೋಸ್ಟರುಗಳು ಮಾತ್ರ ಬಹುಪಾಲು ಗೋಡೆಯ ಮುಖ ಕಾಣದೆ 1940ರಲ್ಲಿ ರದ್ದಿಗೆ ಹೋದವು. 2000ದಲ್ಲಿ ಹಳೆ ಪುಸ್ತಕದಂಗಡಿಯೊಂದರಲ್ಲಿ ಒಂದು ಪ್ರತಿ ಸಿಕ್ಕಿದ್ದೇ ತಡ, ಮಗ್ಗು, ಟೀ ಶರ್ಟು, ಒರಸುಬಟ್ಟೆಗಳ ಮೇಲೆಲ್ಲ ಅದೇ ಅದೇ. ನೆತ್ತಿಯ ಮೇಲೆ ಯುದ್ಧವಿಮಾನ ಬಂದಾಗ ಹಂಚದ ಶಾಂತಿ, ಆಫೀಸಿನ ಪ್ರಿಂಟರ್ ಕೈಕೊಟ್ಟಾಗ ಬೇಕಾಯಿತು.

ಈಗ ಮಗ್ಗೂ ಹಳತಾಯಿತು. ಉಸಿರು ಎಳೆದುಕೊಳ್ಳಿ, ಬಿಡಿ ಎಂದು ಹೇಳಿಕೊಡುವ ಆ್ಯಪ್ ಬಂದಿದೆ. ಏಳು ದಿನ ಉಸಿರು ಉಚಿತ, ಎಂಟನೆಯ ದಿನದಿಂದ ಚಂದಾ. ಭಾಷೆಯ ಪ್ರಕಾರ ಇದೂ ಸರಿಯೇ. ‘ಪೀಸ್’ ಮತ್ತು ‘ಪೇ’ ಎರಡೂ ಲ್ಯಾಟಿನ್ನಿನ ‘ಪಾಕ್ಸ್’, ಅಂದರೆ ಶಾಂತಿ, ಎಂಬ ಬಳ್ಳಿಯ ಕಾಯಿಗಳು. ಸಾಲ ಕೊಟ್ಟವನನ್ನು ಸಮಾಧಾನಪಡಿಸುವುದೇ ‘ಪೇ’.

ನನ್ನ ದೂರೂ ಆ ಆ್ಯಪಿನದ್ದೇ. ಚಂದಾ ರದ್ದು ಮಾಡಿ ಮೂರು ತಿಂಗಳಾದರೂ ಹಣ ಕಡಿತವಾಗುತ್ತಲೇ ಇತ್ತು. ಹುಡುಗ ಎಲ್ಲ ಕೇಳಿಸಿಕೊಂಡು, ‘ರದ್ದತಿ ವಿಭಾಗಕ್ಕೆ ಕನೆಕ್ಟ್ ಮಾಡ್ತೀನಿ ಸರ್’ ಎಂದ.

ಮತ್ತೆ ಕೊಳಲು ಶುರುವಾಯಿತು.